ಸೆಕೆಂಡ್ ಲೈಫ್‌ನಲ್ಲಿ ಲ್ಯಾಂಡ್ ಇಂಪ್ಯಾಕ್ಟ್ ಇಳಿಸೋಕೆ ಯಾವ ದಾರಿ? ಪ್ರಿಮ್, ಸ್ವಂತ ಮೆಶ್, ರೆಡಿಮೇಡ್, ಇಲ್ಲಾ ಇನ್ನೊಂದಿಷ್ಟು ಜಾಗ

ಸೆಕೆಂಡ್ ಲೈಫ್ ಅನ್ನುವ ಆನ್‌ಲೈನ್ 3ಡಿ ಲೋಕದಲ್ಲಿ ಚೂರು ಜಾಗ ಮಾಡಿಕೊಂಡ ಗೆಳೆಯರಿಂದ ಹೆಚ್ಚುಕಮ್ಮಿ ಒಂದೇ ಪ್ರಶ್ನೆ ಬರುತ್ತದೆ. ಗೋಡೆ ಎಬ್ಬಿಸಿ, ಚಾವಣಿ ಹೊದಿಸಿ, ನಾಲ್ಕು ಕುರ್ಚಿ ಇಡುವಷ್ಟರಲ್ಲಿ ಪಾರ್ಸೆಲ್ (ಅಂದರೆ ಅವರ ಪಾಲಿನ ಜಾಗ) ತುಂಬಿತು ಅಂತ ಬರುತ್ತಿದೆ. ಈಗ ಬ್ಲೆಂಡರ್ (3ಡಿ ಮಾದರಿ ಮಾಡುವ ಸಾಫ್ಟ್‌ವೇರ್) ಕಲಿಯಬೇಕಾ? ಮಾರ್ಕೆಟ್‌ಪ್ಲೇಸ್‌ನಲ್ಲಿ ರೆಡಿಮೇಡ್ ಮನೆ ತಗೊಳ್ಳಬೇಕಾ? ಇಲ್ಲಾ ಪಕ್ಕದ ಜಾಗವನ್ನೂ ತಗೊಂಡುಬಿಡಲಾ?

ಮೂರಕ್ಕೂ ಹೌದು ಅನ್ನುವವರು ಸಿಗುತ್ತಾರೆ. ತಮ್ಮ ತಮ್ಮ ಮಟ್ಟಿಗೆ ಅವರೆಲ್ಲ ಸರಿಯೇ. ನಿಮಗೆ ಯಾವುದು ಸರಿ ಅನ್ನೋದು ನಿಮ್ಮ ಕಟ್ಟಡದಲ್ಲಿ ಭಾರ ಎಲ್ಲಿ ಕೂತಿದೆ ಅನ್ನೋದರ ಮೇಲೆ ನಿಂತಿದೆ. ಅದನ್ನು ನೋಡದೆ ದಾರಿ ಆರಿಸಿದರೆ ತಿಂಗಳುಗಟ್ಟಲೆ ಮಾಡಿದ ಕೆಲಸಕ್ಕೆ ಹತ್ತು ಎಲ್‌ಐ ಕೂಡ ಉಳಿಯದೇ ಇರಬಹುದು. ಲ್ಯಾಂಡ್ ಇಂಪ್ಯಾಕ್ಟ್ ಅಂದರೆ ಇಟ್ಟ ವಸ್ತು ಜಾಗದ ಮಿತಿಯಲ್ಲಿ ಎಷ್ಟು ತಿನ್ನುತ್ತದೆ ಅನ್ನುವ ಎಣಿಕೆ, ಅದನ್ನು ಎಲ್ಲರೂ ಎಲ್‌ಐ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ಮೊದಲು ಲೆಕ್ಕ

ಒಂದು ರೀಜನ್ ಅಂದರೆ 256 ಮೀಟರ್ ಉದ್ದ, ಅಷ್ಟೇ ಅಗಲ. ಮೇನ್‌ಲ್ಯಾಂಡ್‌ನಲ್ಲಿ (ಸೆಕೆಂಡ್ ಲೈಫ್ ನಡೆಸುವ ಕಂಪನಿ ಲಿಂಡೆನ್ ಲ್ಯಾಬ್‌ನದೇ ಭೂಭಾಗ) ಇಡೀ ರೀಜನ್‌ಗೆ 22,500 ಎಲ್‌ಐ ಸಿಗುತ್ತದೆ. ಅದೇ ಲೆಕ್ಕದಲ್ಲಿ 1,024 ಚದರ ಮೀಟರ್ ಪಾರ್ಸೆಲ್‌ಗೆ 351, 512ಕ್ಕೆ 175. ಖಾಸಗಿ ಫುಲ್ ರೀಜನ್‌ಗೆ 20,000, ತಿಂಗಳ ಬಾಡಿಗೆ ಜಾಸ್ತಿ ಕೊಟ್ಟರೆ 30,000. ಹೋಮ್‌ಸ್ಟೆಡ್ ಅನ್ನುವ ಅಗ್ಗದ ಖಾಸಗಿ ರೀಜನ್‌ಗೆ 5,000. ನಮ್ಮಲ್ಲಿ ಬಹಳ ಜನ ಇರೋದು 351ರ ಮನೆಯಲ್ಲಿ, ಹಾಗಾಗಿ ಇಲ್ಲಿನ ಮಾತೆಲ್ಲ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ.

ಹಿಂದೆ ಒಂದು ಪ್ರಿಮ್‌ಗೆ (ಒಳಗೇ ಸಿಗುವ ಬಾಕ್ಸ್, ಸಿಲಿಂಡರ್‌ನಂಥ ಮೂಲ ಆಕಾರ) ಒಂದು ಎಣಿಕೆ, ಅಷ್ಟೇ. 2011ರಲ್ಲಿ ಮೆಶ್ (ಹೊರಗೆ ತಯಾರಿಸಿ ತರುವ, ತ್ರಿಕೋನಗಳಿಂದ ಆದ ಮಾದರಿ) ಬಂದ ಮೇಲೆ ಲೆಕ್ಕ ಬದಲಾಯಿತು. ಈಗ ಪ್ರತಿ ವಸ್ತುವಿಗೂ ಮೂರು ತೂಕಗಳಿವೆ. ಅದನ್ನು ಎಲ್ಲರ ಕಂಪ್ಯೂಟರ್‌ಗೆ ಕಳಿಸಿ ತೋರಿಸಲು ಬೇಕಾಗುವುದು ಡೌನ್‌ಲೋಡ್ ತೂಕ. ಅದಕ್ಕೆ ಯಾರಾದರೂ ಡಿಕ್ಕಿ ಹೊಡೆದರೆ, ಮೇಲೆ ನಡೆದರೆ ಲೆಕ್ಕ ಹಾಕಲು ಬೇಕಾಗುವುದು ಫಿಸಿಕ್ಸ್ ತೂಕ. ಸರ್ವರ್ ಅದನ್ನು ನೆನಪಿಟ್ಟುಕೊಂಡು ನಡೆಸಲು ಬೇಕಾಗುವುದು ಸರ್ವರ್ ತೂಕ. ಮೂರನ್ನೂ ಕೂಡಿಸುವುದಿಲ್ಲ. ಯಾವುದು ಎಲ್ಲಕ್ಕಿಂತ ದೊಡ್ಡದೋ ಅದನ್ನು ಪೂರ್ಣ ಸಂಖ್ಯೆಗೆ ತಂದರೆ ಅದೇ ನಿಮ್ಮ ಎಲ್‌ಐ. ಒಂದಕ್ಕಿಂತ ಕಡಿಮೆ ಮಾತ್ರ ಆಗಲ್ಲ.

ಈ ಒಂದು ಸಂಗತಿ ತಲೆಗೆ ಹೋದರೆ ಅರ್ಧ ಕೆಲಸ ಮುಗಿಯಿತು. ಡೌನ್‌ಲೋಡ್ 4, ಫಿಸಿಕ್ಸ್ 31, ಸರ್ವರ್ 3 ಇರುವ ವಸ್ತುವಿನ ತ್ರಿಕೋನಗಳನ್ನು ಎಷ್ಟು ಕಿತ್ತು ಹಾಕಿದರೂ ಎಲ್‌ಐ 31ರಲ್ಲೇ ನಿಂತಿರುತ್ತದೆ. ಎಡಿಟ್ ಕಿಟಕಿಯಲ್ಲಿ 'ಮೋರ್ ಇನ್ಫೋ' ಅಂತ ಒಂದು ಲಿಂಕ್ ಇದೆ. ಅದನ್ನು ಒತ್ತಿದರೆ ಮೂರೂ ತೂಕ ಬೇರೆ ಬೇರೆಯಾಗಿ ಕಾಣುತ್ತವೆ. ಮುಂದೆ ಓದುವ ಮೊದಲು ನಿಮ್ಮ ಪಾರ್ಸೆಲ್‌ನ ಐದು ಭಾರಿ ವಸ್ತುಗಳ ಮೇಲೆ ಇದನ್ನು ಮಾಡಿ ನೋಡಿ. ಕೆಲವರ ಸಮಸ್ಯೆ ಅಲ್ಲೇ ಬಗೆಹರಿಯುತ್ತದೆ. ಎಲ್ಲೋ ಮೂಲೆಯಲ್ಲಿರುವ ಗಿಡವೊಂದು ಎಂಬತ್ತು ತಿನ್ನುತ್ತಾ ಕೂತಿರುತ್ತದೆ.

ಯಾವುದರಿಂದ ಅಳೆಯೋದು

ಎಲ್‌ಐ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ದೂರದಿಂದ ಹೇಗೆ ಕಾಣುತ್ತದೆ, ಒಳಗೆ ನಡೆದಾಡಲು ಆಗುತ್ತದಾ, ನಿಮಗೆ ಎಷ್ಟು ಸಮಯ ಮತ್ತು ಕಲಿಕೆ ಬೇಕು, ಎಷ್ಟು ದುಡ್ಡು, ನಾಳೆ ಒಂದು ಕಿಟಕಿ ಸರಿಸಬೇಕು ಅನ್ನಿಸಿದರೆ ಸುಲಭವಾ, ಇವನ್ನೂ ನೋಡಬೇಕು. ಇನ್ನೊಂದು ಅಳತೆಯೂ ಇದೆ, ಅದನ್ನು ಯಾರೂ ಕೇಳಲ್ಲ: ಬಂದವರ ಕಂಪ್ಯೂಟರ್ ಮೇಲೆ ಎಷ್ಟು ಹೊರೆ? ಟೆಕ್ಸ್ಚರ್‌ಗೆ, ಅಂದರೆ ಮೇಲ್ಮೈಗೆ ಅಂಟಿಸುವ ಚಿತ್ರಕ್ಕೆ, ಎಲ್‌ಐನಲ್ಲಿ ಲೆಕ್ಕವೇ ಇಲ್ಲ. ಒಂದು 1024 × 1024 ಟೆಕ್ಸ್ಚರ್ ಬಿಚ್ಚಿಕೊಂಡರೆ ಗ್ರಾಫಿಕ್ಸ್ ಮೆಮೊರಿಯಲ್ಲಿ ಸುಮಾರು 4 ಎಂಬಿ, 512ರದ್ದಾದರೆ 1 ಎಂಬಿ. ಒಂದು ಎಲ್‌ಐ ಹೂದಾನಿಗೆ ಮೂರು 1024 ಟೆಕ್ಸ್ಚರ್ ಅಂಟಿಸಿದರೆ ನಿಮ್ಮ ಪಾರ್ಸೆಲ್‌ಗೆ ಅದು ಹಗುರ, ನಿಮ್ಮ ಅತಿಥಿಯ ಹಳೇ ಲ್ಯಾಪ್‌ಟಾಪ್‌ಗೆ ಭಾರ.

ದಾರಿ ಒಂದು: ಪ್ರಿಮ್‌ನಲ್ಲೇ ಇದ್ದು, ಲಿಂಕ್ ಮಾಡಿ, ಆಕಾರ ಬದಲಿಸೋದು

ಖರ್ಚಿಲ್ಲ, ಹೊಸ ಸಾಫ್ಟ್‌ವೇರ್ ಬೇಡ, ಸಂಜೆ ಕೂತರೆ ರಾತ್ರಿಯೊಳಗೆ ಫಲ ಗೊತ್ತಾಗುತ್ತದೆ. ಎಲ್ಲರೂ ಮೊದಲು ಪ್ರಯತ್ನಿಸಬೇಕಾದ್ದು ಇದನ್ನೇ.

ವಿಷಯ ಇಷ್ಟು. ಬರೀ ಸಾದಾ ಪ್ರಿಮ್‌ಗಳ ವಸ್ತು ಈಗಲೂ ಹಳೇ ಲೆಕ್ಕದಲ್ಲೇ ಇರುತ್ತದೆ, ಒಂದು ಪ್ರಿಮ್‌ಗೆ ಒಂದು ಎಲ್‌ಐ. ಹೊಸ ಲೆಕ್ಕದಲ್ಲಿ ಸರ್ವರ್ ತೂಕ ಪ್ರಿಮ್‌ಗೆ ಅರ್ಧ. ಎರಡು ಸಾದಾ ಬಾಕ್ಸ್‌ಗಳನ್ನು ಲಿಂಕ್ ಮಾಡಿ (ಒಂದೇ ವಸ್ತುವಾಗಿ ಜೋಡಿಸಿ), ಫೀಚರ್ಸ್ ಟ್ಯಾಬ್‌ನಲ್ಲಿ ಫಿಸಿಕ್ಸ್ ಶೇಪ್ ಟೈಪನ್ನು ಪ್ರಿಮ್‌ನಿಂದ ಕಾನ್ವೆಕ್ಸ್ ಹಲ್‌ಗೆ ಬದಲಿಸಿದರೆ ಆ ವಸ್ತು ಹೊಸ ಲೆಕ್ಕಕ್ಕೆ ಬಂದು ಎರಡರ ಬದಲು ಒಂದೇ ಎಲ್‌ಐ ತೋರಿಸುತ್ತದೆ. ಗೋಡೆ, ನೆಲ, ತೊಲೆ, ಮೆಟ್ಟಿಲು ಎಲ್ಲ ಬಾಕ್ಸೇ ಆಗಿರುವ ಮನೆಯಲ್ಲಿ 80 ಇದ್ದದ್ದು 40ರ ಆಸುಪಾಸಿಗೆ ಬರುತ್ತದೆ. ಕೈಗೆ ತಾಗದ ಅಲಂಕಾರಕ್ಕೆಲ್ಲ 'ನನ್' (None, ಅಂದರೆ ಯಾವ ಆಕಾರವೂ ಇಲ್ಲ) ಕೊಟ್ಟರೆ ಅದರ ಫಿಸಿಕ್ಸ್ ತೂಕ ಸೊನ್ನೆ. ರೂಟ್ ಪ್ರಿಮ್‌ಗೆ (ಲಿಂಕ್ ಮಾಡಿದವುಗಳಲ್ಲಿ ಮುಖ್ಯವಾದದ್ದು) ಮಾತ್ರ 'ನನ್' ಕೊಡಲು ಬಿಡುವುದಿಲ್ಲ.

ಆದರೆ ಕಾನ್ವೆಕ್ಸ್ ಹಲ್ ಅಂದರೆ ವಸ್ತುವಿನ ಸುತ್ತ ಬಿಗಿಯಾಗಿ ಬಟ್ಟೆ ಸುತ್ತಿದ ಹಾಗೆ. ತಗ್ಗು, ತೂತು ಎಲ್ಲ ಮುಚ್ಚಿಹೋಗುತ್ತವೆ. ಬಾಕ್ಸನ್ನು ಹಾಲೋ (ಟೊಳ್ಳು) ಮಾಡಿ ಬಾಗಿಲು ಬಿಟ್ಟಿದ್ದರೆ ಕಣ್ಣಿಗೆ ಬಾಗಿಲು ಕಾಣುತ್ತದೆ, ಕಾಲು ಒಳಗೆ ಹೋಗಲ್ಲ. ಹಾಗಾಗಿ ಬಾಗಿಲಿರುವ ಗೋಡೆಯನ್ನು ಮೂರು ಗಟ್ಟಿ ಬಾಕ್ಸ್‌ನಲ್ಲಿ ಕಟ್ಟಿ: ಎಡಕ್ಕೊಂದು, ಬಲಕ್ಕೊಂದು, ಮೇಲೊಂದು. ಪ್ರಿಮ್ ಜಾಸ್ತಿ ಆಯಿತು ಅನ್ನಿಸಿದರೂ ಅರ್ಧ ಲೆಕ್ಕದಲ್ಲಿ ಒಂದೂವರೆ ಎಲ್‌ಐ.

ನಿಜವಾದ ಅಪಾಯ ಟೋರಸ್‌ನಲ್ಲಿದೆ. ಬೇಲೂರಿನ ಕಡೆಯುವ ಯಂತ್ರದಲ್ಲಿ ತಿರುಗಿಸಿದಂಥ ದುಂಡು ಕಂಬಗಳನ್ನು ನೋಡಿದವರಿಗೆ ಅಂಥದೊಂದು ತಮ್ಮ ಜಗಲಿಗೂ ಬೇಕು ಅನ್ನಿಸುತ್ತದೆ. ಪ್ರಿಮ್‌ನಲ್ಲಿ ಅದನ್ನು ಮಾಡುವ ಸಹಜ ದಾರಿ ಅಂದರೆ ಸಿಲಿಂಡರ್ ಮೇಲೆ ಟೋರಸ್ ಬಳೆಗಳನ್ನು ಒಂದರ ಮೇಲೊಂದು ಪೇರಿಸುವುದು. ಹಳೇ ಲೆಕ್ಕದಲ್ಲಿ ಬಳೆಗೆ ಒಂದೊಂದೇ ಎಲ್‌ಐ, ತೊಂದರೆ ಇಲ್ಲ. ಅದನ್ನು ಒಂದು ಮೆಶ್ ಕುರ್ಚಿಗೆ ಲಿಂಕ್ ಮಾಡಿದ ಕ್ಷಣ, ಅಥವಾ ಹೊಳಪು ಬರಲಿ ಅಂತ ಸ್ಪೆಕ್ಯುಲರ್ ಮ್ಯಾಪ್ ಹಾಕಿದ ಕ್ಷಣ, ಇಡೀ ಲಿಂಕ್‌ಸೆಟ್ ಹೊಸ ಲೆಕ್ಕಕ್ಕೆ ಬೀಳುತ್ತದೆ. ಆಗ ಬಳೆಗಳ ಫಿಸಿಕ್ಸ್ ತೂಕ ಬಯಲಿಗೆ ಬಂದು ಎಲ್‌ಐ ಎಲ್ಲಿಂದೆಲ್ಲಿಗೋ ಹಾರುತ್ತದೆ. ತಿರುಚಿದ, ಕತ್ತರಿಸಿದ, ಹಾಲೋ ಮಾಡಿದ ಪ್ರಿಮ್‌ಗಳದ್ದೂ ಇದೇ ಕಥೆ. ಬಳೆಗಳಿಗೆಲ್ಲ 'ನನ್' ಕೊಟ್ಟು, ಒಳಗಿನ ಸಿಲಿಂಡರ್‌ಗೆ ಕಾನ್ವೆಕ್ಸ್ ಹಲ್ ಕೊಟ್ಟರೆ ಫಿಸಿಕ್ಸ್ ತೂಕ ಇಳಿಯುತ್ತದೆ. ಆಮೇಲೂ ಡೌನ್‌ಲೋಡ್ ತೂಕ ಮೇಲೇ ನಿಂತಿದ್ದರೆ ಆ ಕಂಬವನ್ನು ಹಳೇ ಲೆಕ್ಕದಲ್ಲೇ ಬಿಡಿ, ಬೇರೆ ಯಾವುದಕ್ಕೂ ಲಿಂಕ್ ಮಾಡಬೇಡಿ. ಏನೇ ಮಾಡುವ ಮೊದಲು ಒಂದು ಕಾಪಿ ಇನ್ವೆಂಟರಿಗೆ ತೆಗೆದುಕೊಳ್ಳಿ.

ಲಿಂಕ್ ಮಾಡುವುದರಿಂದ ಇನ್ನೊಂದು ಲಾಭವೂ ಇದೆ. ಬಿಡಿಬಿಡಿಯಾಗಿ ಇಟ್ಟ ಹತ್ತು ಮೆಶ್ ಲೋಟಗಳು, ಒಂದೊಂದರ ಅಸಲಿ ತೂಕ ಅರ್ಧವೇ ಇದ್ದರೂ, ಕನಿಷ್ಠ ಒಂದರ ನಿಯಮದಿಂದ ಹತ್ತು ಎಲ್‌ಐ ತಿನ್ನುತ್ತವೆ. ಹತ್ತನ್ನೂ ಲಿಂಕ್ ಮಾಡಿದರೆ ಐದು. ಅಡುಗೆಮನೆ ಶೆಲ್ಫು, ಪುಸ್ತಕದ ರಾಶಿ, ಗೋಡೆಯ ಫೋಟೋಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ಕೂರುವ ಕುರ್ಚಿ, ತೆರೆಯುವ ಬಾಗಿಲುಗಳನ್ನು ಅವುಗಳ ಸ್ಕ್ರಿಪ್ಟ್ (ಒಳಗಿನ ಚಿಕ್ಕ ಪ್ರೋಗ್ರಾಂ) ಹೇಗಿದೆ ಅಂತ ನೋಡದೆ ಈ ರಾಶಿಗೆ ಸೇರಿಸಬೇಡಿ. ಯಾರೋ ಲೋಟ ಮುಟ್ಟಿದರೆ ಬಾಗಿಲು ತೆರೆದುಕೊಳ್ಳುವ ಮನೆಗಳನ್ನು ನೋಡಿದ್ದೇನೆ, ತಮಾಷೆಯಾಗಿರುತ್ತದೆ.

ನಾಳೆ ಬದಲಿಸುವ ಸ್ವಾತಂತ್ರ್ಯದಲ್ಲಿ ಈ ದಾರಿಯನ್ನು ಯಾವುದೂ ಮೀರಿಸಲ್ಲ. ನೋಟದಲ್ಲಿ ಮಾತ್ರ ಹಿಂದೆ ಬೀಳುತ್ತದೆ, ಅದನ್ನು ಒಪ್ಪಿಕೊಳ್ಳಬೇಕು.

ಸ್ಕಲ್ಪ್ಟ್ (ಒಂದು ಚಿತ್ರದಿಂದ ಆಕಾರ ಪಡೆಯುವ ಪ್ರಿಮ್) ಬಗ್ಗೆ ಕೇಳುವವರಿಗೆ ಎರಡೇ ಮಾತು. 2007ರಲ್ಲಿ ಬಂದಾಗ ಅದು ದೊಡ್ಡ ವಿಷಯ. ಒಂದು ಎಲ್‌ಐಗೆ ಬಂಡೆಯೋ ಮರದ ಬುಡವೋ ಸಿಗುತ್ತಿತ್ತು. ಈಗ ದೂರದಿಂದ ಕರಗಿದ ಮೇಣದ ಹಾಗೆ ಕಾಣುತ್ತದೆ, ಮುಟ್ಟಿದ ಜಾಗಕ್ಕೂ ಕಣ್ಣಿಗೆ ಕಂಡ ಜಾಗಕ್ಕೂ ಹೊಂದಾಣಿಕೆ ಇರಲ್ಲ. ಹಳೆಯದು ಇದ್ದರೆ ಇರಲಿ, ಹೊಸದಾಗಿ ಮಾಡಬೇಡಿ.

ದಾರಿ ಎರಡು: ನೀವೇ ಮೆಶ್ ಮಾಡೋದು

ಎಲ್‌ಐ ಇಳಿಸುವ ಶಕ್ತಿ ಹೆಚ್ಚು ಇರೋದು ಇದರಲ್ಲಿ. ಕಲಿಯಲು ಹೆಚ್ಚು ಹಿಡಿಯೋದೂ ಇದೇ. ಬ್ಲೆಂಡರ್ ಉಚಿತ. ಆದರೆ ಅದನ್ನು ತೆರೆದ ಮೊದಲ ದಿನ ಯಾರಿಗೂ ಖುಷಿ ಆಗಿದ್ದು ಕೇಳಿಲ್ಲ.

ಮೆಶ್‌ನಲ್ಲಿ ಒಂದೇ ವಸ್ತುವಿಗೆ ನಾಲ್ಕು ರೂಪ ಕೊಡುತ್ತೀರಿ: ಹೈ, ಮೀಡಿಯಂ, ಲೋ, ಲೋಯೆಸ್ಟ್. ಹತ್ತಿರ ನಿಂತವರಿಗೆ ಹೈ, ದೂರ ಹೋದಂತೆ ಕೆಳಗಿನವು. ಇದನ್ನೇ ಎಲ್‌ಒಡಿ ಅನ್ನೋದು. ಯಾವ ದೂರದಲ್ಲಿ ಯಾವುದು ಅನ್ನೋದು ವಸ್ತುವಿನ ಗಾತ್ರದ ಮೇಲೆ ನಿಂತಿದೆ. ಡೌನ್‌ಲೋಡ್ ತೂಕದ ಲೆಕ್ಕ ಕೇಳುವುದು ಇಷ್ಟೇ: ಒಂದು ರೀಜನ್ ಪೂರ್ತಿ ಒಳಗೆ ಬರುವಷ್ಟು ದುಂಡು ಬಯಲಿನಲ್ಲಿ ಎಲ್ಲೆಂದರಲ್ಲಿ ನಿಂತು ನೋಡಿದರೆ ಈ ವಸ್ತುವಿನ ಯಾವ ರೂಪ ಎಷ್ಟು ಜಾಗದಿಂದ ಕಾಣುತ್ತದೆ?

ಒಂದು ಮೀಟರ್ ಘನದಷ್ಟು ದೊಡ್ಡ ಕುರ್ಚಿ ತಗೊಳ್ಳಿ. ಈ ಲೆಕ್ಕದಲ್ಲಿ ಅದರ ಹೈ ರೂಪ ಇರುವುದು ಸುಮಾರು 3.6 ಮೀಟರ್‌ವರೆಗೆ ಮಾತ್ರ. ಮೀಡಿಯಂ 14ರವರೆಗೆ, ಲೋ 29ರವರೆಗೆ. ಆಮೇಲೆ ಉಳಿದ ಬಯಲೆಲ್ಲ ಲೋಯೆಸ್ಟ್‌ಗೆ ಸೇರಿದ್ದು, ಅಂದರೆ ನೂರಕ್ಕೆ ತೊಂಬತ್ತೇಳು ಪಾಲು. ಅದಕ್ಕೇ ಲೋಯೆಸ್ಟ್‌ನಲ್ಲಿ 100 ತ್ರಿಕೋನ ಉಳಿದರೆ ಅದೊಂದೇ ಐದಾರು ಎಲ್‌ಐ ಆಗುತ್ತದೆ. ಹೈನಲ್ಲಿ 10,000 ತ್ರಿಕೋನ ಇದ್ದರೂ ಕಾಲು ಎಲ್‌ಐ ದಾಟಲ್ಲ. ಇವು ಅಂದಾಜು. ಅಸಲಿ ಸಂಖ್ಯೆ ಫೈಲ್ ಎಷ್ಟು ಕುಗ್ಗುತ್ತದೆ ಅನ್ನೋದರ ಮೇಲೂ ಹೋಗುತ್ತದೆ. ಆದರೆ ದಿಕ್ಕು ಇದೇ. ಚಿಕ್ಕ ವಸ್ತುವಿನಲ್ಲಿ ಹೈ ರೂಪದ ಕೆತ್ತನೆಯನ್ನು ಕೊರೆದು ತೆಗೆದು ಎಲ್‌ಐ ಉಳಿಸಲು ಹೊರಟವರು ಉಳಿತಾಯ ಇಲ್ಲದ ಜಾಗದಲ್ಲಿ ಹುಡುಕುತ್ತಿದ್ದಾರೆ.

ಹಾಗಂತ ಕುರ್ಚಿಗೆ 10,000 ತ್ರಿಕೋನ ಹಾಕಿ ಅಂತ ಹೇಳ್ತಿಲ್ಲ. ಎಲ್‌ಐ ದಂಡ ಹಾಕದಿದ್ದರೂ ಎದುರು ನಿಂತವರ ಗ್ರಾಫಿಕ್ಸ್ ಕಾರ್ಡ್ ಅಷ್ಟನ್ನೂ ಬಿಡಿಸಲೇಬೇಕು.

ಈಗ ದೊಡ್ಡ ವಸ್ತು. 20 × 20 ಮೀಟರ್ ಅಗಲ, 8 ಮೀಟರ್ ಎತ್ತರದ ಮನೆಯನ್ನು ಒಂದೇ ಮೆಶ್ ಮಾಡಿದ್ದೀರಿ ಅಂದುಕೊಳ್ಳಿ. ಇದರ ಹೈ ರೂಪ ಸುಮಾರು 61 ಮೀಟರ್‌ವರೆಗೆ ಇರುತ್ತದೆ. ಅಲ್ಲಿಂದ ಲೆಕ್ಕದ ಬಯಲು ಮುಗಿಯುವವರೆಗೂ ಮೀಡಿಯಂ. ಲೋ, ಲೋಯೆಸ್ಟ್‌ಗೆ ಸರದಿಯೇ ಬರಲ್ಲ. ಹೈನಲ್ಲಿ 4,000, ಮೀಡಿಯಂನಲ್ಲಿ 1,000 ತ್ರಿಕೋನ ಇದ್ದರೆ ಹೈನಿಂದ 27, ಮೀಡಿಯಂನಿಂದ 53, ಒಟ್ಟು 80ರ ಹತ್ತಿರ. ಕುರ್ಚಿಯಲ್ಲಿ ಉಳಿತಾಯ ಲೋಯೆಸ್ಟ್‌ನಲ್ಲಿತ್ತು, ಮನೆಯಲ್ಲಿ ಅದು ಮೀಡಿಯಂನಲ್ಲಿದೆ. ಮೀಡಿಯಂ ರೂಪವನ್ನು ಕೈಯಾರೆ ಮಾಡಿ 500ಕ್ಕೆ ತಂದರೆ 80 ಹೋಗಿ 54 ಆಗುತ್ತದೆ. ಅರವತ್ತು ಮೀಟರ್ ಆಚೆಯಿಂದ ಕಿಟಕಿ ಸರಳು ಎಣಿಸುವವರು ಯಾರೂ ಇಲ್ಲ, ಅಲ್ವಾ?

ಅದೇ ಮನೆಯನ್ನು ನಾಲ್ಕು ಭಾಗ ಮಾಡಿ, ಪ್ರತಿ ಭಾಗ 10 × 10 × 8 ಅಂತಿಟ್ಟರೆ ಹೈ ರೂಪ 34 ಮೀಟರ್‌ಗೇ ನಿಲ್ಲುತ್ತದೆ, ಮೀಡಿಯಂ 135ಕ್ಕೆ, ಆಮೇಲೆ ಲೋ. ಒಟ್ಟು ತ್ರಿಕೋನ ಅಷ್ಟೇ ಇದ್ದು, ಲೋನಲ್ಲಿ 200 ಇಟ್ಟುಕೊಂಡರೆ 80ರ ಜಾಗದಲ್ಲಿ 45 ಬರುತ್ತದೆ. ಕೊಡಬೇಕಾದ ಬೆಲೆಯೂ ಇದೆ. ರೂಪ ಬದಲಾಗುವುದು ಇನ್ನೂ ಹತ್ತಿರದಲ್ಲಿ ಕಾಣುತ್ತದೆ, ಭಾಗಗಳ ಸೇರುವೆಯಲ್ಲಿ ಒಂದು ಕಡೆ ಮೀಡಿಯಂ, ಇನ್ನೊಂದು ಕಡೆ ಹೈ ಆಗಿ ಬಿರುಕು ಬಿಟ್ಟಂತೆ ಕಾಣಬಹುದು. ನನ್ನ ಕೇಳಿದರೆ ಹೊರಗೋಡೆ, ಚಾವಣಿ ದೊಡ್ಡ ತುಂಡಾಗಿಯೇ ಇರಲಿ. ಬಾಗಿಲ ಹಿಡಿ, ಕಿಟಕಿ ಸರಳು, ಒಳಗಿನ ಮೆಟ್ಟಿಲು, ಕಂಬದ ಕೆತ್ತನೆ ಬೇರೆ ತುಂಡಾಗಲಿ. ಬಾಗಿಲ ಹಿಡಿಯನ್ನು ಮನೆಯ ಮೆಶ್‌ಗೆ ಕೂಡಿಸಿದರೆ ಆ ಹಿಡಿಯ ಪ್ರತಿ ತ್ರಿಕೋನಕ್ಕೂ ಮನೆಯಷ್ಟೇ ದೊಡ್ಡ ವಸ್ತುವಿನ ದರ ಬೀಳುತ್ತದೆ.

ಇಲ್ಲಿ ಒಂದು ಕೆಟ್ಟ ಚಾಳಿ ಇದೆ. ಅಪ್‌ಲೋಡ್ ಕಿಟಕಿಯಲ್ಲಿ ಲೋ, ಲೋಯೆಸ್ಟ್ ಎರಡನ್ನೂ ಸೊನ್ನೆಯ ಹತ್ತಿರ ತಳ್ಳಿದರೆ ಎಂಥ ಸೋಫಾ ಕೂಡ ಒಂದು ಎಲ್‌ಐ ಆಗುತ್ತದೆ. ಹದಿನೈದು ಹೆಜ್ಜೆ ಹಿಂದೆ ಸರಿದರೆ ಸೋಫಾ ಹರಿದ ಕಾಗದದ ಚೂರುಗಳಾಗುತ್ತದೆ. ಮಾಡಿದವರಿಗೆ ಅದು ಕಾಣುವುದೇ ಇಲ್ಲ, ಯಾಕಂದರೆ ಅವರ ವ್ಯೂವರ್‌ನಲ್ಲಿ (ಸೆಕೆಂಡ್ ಲೈಫ್ ನೋಡುವ ಪ್ರೋಗ್ರಾಂ) ಎಲ್‌ಒಡಿ ಫ್ಯಾಕ್ಟರ್, ಅಂದರೆ ಮೇಲಿನ ರೂಪಗಳನ್ನು ಎಷ್ಟು ದೂರದವರೆಗೆ ತೋರಿಸಬೇಕು ಅನ್ನುವ ಸಂಖ್ಯೆ, 4ಕ್ಕೆ ಏರಿಸಿಟ್ಟಿರುತ್ತಾರೆ. 'ನೀವೂ ನಾಲ್ಕಕ್ಕೆ ಇಟ್ಟುಕೊಳ್ಳಿ' ಅಂತ ಬಂದವರಿಗೆ ಬೋರ್ಡ್ ಬೇರೆ. ಸುಮ್ನೆ ನಾಲ್ಕೈದು ಚಪ್ಪಟೆ ಮುಖಗಳ ಒಂದು ಡಬ್ಬಿಯನ್ನು ಲೋಯೆಸ್ಟ್‌ಗೆ ಕೈಯಾರೆ ಮಾಡಿ ಕೊಟ್ಟರೆ ತೂಕ ಹೆಚ್ಚುಕಮ್ಮಿ ಅಷ್ಟೇ, ದೂರದಿಂದ ಸೋಫಾ ಸೋಫಾ ಆಗಿಯೇ ಇರುತ್ತದೆ. ಒಂದು ಎಚ್ಚರ: ಕೆಳಗಿನ ರೂಪಗಳಲ್ಲಿ ಇರುವ ಮೆಟೀರಿಯಲ್‌ಗಳು ಹೈನಲ್ಲೂ ಇರಲೇಬೇಕು. ಇಲ್ಲದಿದ್ದರೆ ಅಪ್‌ಲೋಡ್ ಒಪ್ಪಲ್ಲ.

ಫಿಸಿಕ್ಸ್‌ಗೂ ಪ್ರತ್ಯೇಕ ಮಾದರಿ ಕೊಡಬೇಕು. ಏನೂ ಕೊಡದಿದ್ದರೆ ಇಡೀ ಮನೆ ಗಟ್ಟಿ ಇಟ್ಟಿಗೆ, ಒಳಗೆ ಕಾಲಿಡಲು ಆಗಲ್ಲ. ಕಾಣುವ ರೂಪವನ್ನೇ ಫಿಸಿಕ್ಸ್‌ಗೂ ಕೊಟ್ಟರೆ ತೂಕ ಆಕಾಶಕ್ಕೆ. ಮನೆಗೆ ದೊಡ್ಡ ದೊಡ್ಡ ಚಪ್ಪಟೆ ಹಾಳೆಗಳಿಂದ ಗೋಡೆ, ನೆಲ, ಮೆಟ್ಟಿಲಿಗೆ ಒಂದು ಇಳಿಜಾರು, ಇಷ್ಟೇ ಮಾಡಿ. 'ಅನಲೈಜ್' (ಮಾದರಿಯನ್ನು ಹಲ್‌ಗಳಾಗಿ ಒಡೆಯುವ ಬಟನ್) ಒತ್ತದೆ ಹಾಗೇ ಕಳಿಸಿ, ಆಮೇಲೆ ಶೇಪ್ ಟೈಪ್ ಪ್ರಿಮ್‌ಗೆ ಇಡಿ. ದೊಡ್ಡ ತ್ರಿಕೋನಗಳು ಇಲ್ಲಿ ಅಗ್ಗ, ಸಣ್ಣ, ಸಪೂರ ತ್ರಿಕೋನಗಳು ದುಬಾರಿ. ಅದಕ್ಕೇ ಇಂಥ ಮನೆಯನ್ನು ಚಿಕ್ಕದು ಮಾಡಿದರೆ ಡೌನ್‌ಲೋಡ್ ತೂಕ ಇಳಿದು ಫಿಸಿಕ್ಸ್ ಏರುವ ವಿಚಿತ್ರ ಆಗುತ್ತದೆ. ಚಿಕ್ಕ, ಮೂಲೆಮುಡುಕಿನ ವಸ್ತುಗಳಿಗೆ ಅನಲೈಜ್ ಮಾಡಿದ ಹಲ್‌ಗಳೇ ವಾಸಿ. ಅವುಗಳ ತೂಕ ಗಾತ್ರ ಬದಲಿಸಿದರೂ ಬದಲಾಗಲ್ಲ. ಯಾವುದಾದರೂ ಒಂದು ಅಳತೆ ಅರ್ಧ ಮೀಟರ್‌ಗಿಂತ ಕಡಿಮೆ ಇದ್ದರೆ ತ್ರಿಕೋನದ ಫಿಸಿಕ್ಸ್ ಕೆಲಸ ಮಾಡದೆ ಕಾನ್ವೆಕ್ಸ್ ಹಲ್ ಆಗಿಬಿಡುತ್ತದೆ. ಬಾಗಿಲಿರುವ ತೆಳು ಗೋಡೆಯನ್ನು ಬಿಡಿಯಾಗಿ ಅಪ್‌ಲೋಡ್ ಮಾಡುವವರು ಇದನ್ನು ನೆನಪಿಡಿ.

ದುಡ್ಡಿನ ಮಾತು: ಮೆಶ್ ಅಪ್‌ಲೋಡ್‌ಗೆ ಲಿಂಡೆನ್ ಡಾಲರ್‌ನಲ್ಲಿ (ಸೆಕೆಂಡ್ ಲೈಫ್‌ನ ನಾಣ್ಯ) ಶುಲ್ಕ ಇದೆ, ಮಾಡೆಲ್ ಜಟಿಲವಾದಷ್ಟೂ ಜಾಸ್ತಿ. ಆದರೆ ತೂಕ ಮತ್ತು ಶುಲ್ಕವನ್ನು ದುಡ್ಡು ಕೊಡುವ ಮೊದಲೇ ಆ ಕಿಟಕಿ ಲೆಕ್ಕ ಹಾಕಿ ತೋರಿಸುತ್ತದೆ. ರೂಪಗಳನ್ನು ಬದಲಿಸುತ್ತಾ ಎಷ್ಟು ಸಲ ಬೇಕಾದರೂ ನೋಡಬಹುದು. ನಿಜವಾಗಿ ಇಟ್ಟು ನೋಡಬೇಕು ಅಂದರೆ ಅದಿತಿ ಅನ್ನುವ ಬೀಟಾ ಗ್ರಿಡ್, ಅಂದರೆ ಪರೀಕ್ಷೆಗಾಗಿ ಇರುವ ಪ್ರತ್ಯೇಕ ಲೋಕ ಇದೆ. ಅಲ್ಲಿ ಅಪ್‌ಲೋಡ್‌ಗೆ ಅಸಲಿ ದುಡ್ಡು ಹೋಗಲ್ಲ. ಮೆಶ್ ಅಪ್‌ಲೋಡ್ ಮಾಡಲು ಖಾತೆಯಲ್ಲಿ ಪಾವತಿ ವಿವರ ಇರಬೇಕು, ಹಕ್ಕುಸ್ವಾಮ್ಯದ ಬಗ್ಗೆ ಒಂದು ಚಿಕ್ಕ ಪರೀಕ್ಷೆಯೂ ಇದೆ.

ನಾಳೆ ಕಿಟಕಿ ಸರಿಸಬೇಕು ಅಂದರೆ? ಬ್ಲೆಂಡರ್‌ಗೆ ವಾಪಸ್, ಮತ್ತೆ ಅಪ್‌ಲೋಡ್. ಈ ದಾರಿಯ ದೊಡ್ಡ ನ್ಯೂನತೆ ಅದೇ.

ಇವೆರಡರ ಮಧ್ಯೆ ಒಂದು ಓಣಿ ಇದೆ. ಮೊದಲು ಪ್ರಿಮ್‌ನಲ್ಲಿ ಕಟ್ಟಿ, ಒಳಗೆಲ್ಲ ಓಡಾಡಿ, ಅಳತೆ ಸರಿ ಅನ್ನಿಸಿದ ಮೇಲೆ ಫೈರ್‌ಸ್ಟಾರ್ಮ್ ವ್ಯೂವರ್‌ನಿಂದ ಕೊಲಾಡಾ ಫೈಲ್ ಆಗಿ ಹೊರತೆಗೆದು, ಬ್ಲೆಂಡರ್‌ನಲ್ಲಿ (ಕೊಲಾಡಾ ಓದುವ, 5.0ಕ್ಕಿಂತ ಹಿಂದಿನ ಆವೃತ್ತಿ) ಕಾಣದ ಮುಖಗಳನ್ನು ಅಳಿಸಿ, ಮೆಶ್ ಆಗಿ ವಾಪಸ್ ತರುವುದು. ಪ್ರತಿ ಪ್ರಿಮ್‌ನ ಕ್ರಿಯೇಟರ್ ನೀವೇ ಆಗಿರಬೇಕು, ಬೇರೆಯವರದ್ದು ಹೊರಗೆ ಬರಲ್ಲ. ಬಾಕ್ಸ್ ಕಟ್ಟಡಗಳಿಗೆ ಇದು ಒಳ್ಳೆಯ ಫಲ ಕೊಡುತ್ತದೆ. ಒಂದರೊಳಗೊಂದು ಹುದುಗಿದ ಮುಖಗಳನ್ನು ಅಳಿಸದೆ ಹಾಗೇ ಅಪ್‌ಲೋಡ್ ಮಾಡಿದರೆ ಪ್ರಿಮ್‌ಗಿಂತಲೂ ಜಾಸ್ತಿ ಎಲ್‌ಐ ಬರುವುದುಂಟು. ಬ್ಲೆಂಡರ್ ಕಲಿಯಲು ಬಯಸುವವರಿಗೆ ನಾನು ಸೂಚಿಸುವ ಮೆಟ್ಟಿಲು ಇದೇ. ಖಾಲಿ ಪರದೆಯ ಮುಂದೆ ಕೂರುವುದಕ್ಕಿಂತ ನಿಮ್ಮದೇ ಮನೆಯನ್ನು ಸ್ವಚ್ಛ ಮಾಡುತ್ತಾ ಕಲಿಯುವುದು ಸುಲಭ.

ದಾರಿ ಮೂರು: ರೆಡಿಮೇಡ್

ಸಮಯ ಇಲ್ಲ, ಸ್ವಲ್ಪ ದುಡ್ಡಿದೆ, ಕಟ್ಟುವುದಕ್ಕಿಂತ ಅಲಂಕಾರ ಇಷ್ಟ ಅನ್ನುವವರಿಗೆ ಇದೇ ಸರಿ. ಮಾರ್ಕೆಟ್‌ಪ್ಲೇಸ್‌ನಲ್ಲಿ ವಸ್ತುವಿನ ಎಲ್‌ಐ ಬರೆದಿರುತ್ತಾರೆ. ಅದು ಮಾರುವಾಗಿನ ಗಾತ್ರದ್ದು ಅನ್ನೋದು ನೆನಪಿರಲಿ. ನಿಮ್ಮ ಅವತಾರ ಎತ್ತರ ಇದೆ ಅಂತ ಮನೆಯನ್ನು ಹಿಗ್ಗಿಸಿದರೆ ಎಲ್‌ಐ ಕೂಡ ಹಿಗ್ಗುತ್ತದೆ.

ಡೆಮೊ ಇಟ್ಟಿರುವ ಜಾಗಕ್ಕೆ ಹೋಗಿ, ವ್ಯೂವರ್‌ನ ಎಲ್‌ಒಡಿಯನ್ನು ಡಿಫಾಲ್ಟ್‌ಗೆ ತಂದು, ಇಪ್ಪತ್ತು ಮೀಟರ್ ಹಿಂದೆ ಸರಿದು ನೋಡಿ. ಕಾಗದದ ಚೂರು ಕಂಡರೆ ಬಿಟ್ಟುಬಿಡಿ. ಆಮೇಲೆ ಅನುಮತಿ: ಮಾಡಿಫೈ ಇರುವುದನ್ನೇ ತಗೊಳ್ಳಿ. ಮಾಡಿಫೈ ಇದ್ದರೆ ಬೇಡದ ಒಲೆ, ಪರದೆ, ಹೂಕುಂಡಗಳನ್ನು ಅನ್‌ಲಿಂಕ್ ಮಾಡಿ ಕಿತ್ತು ಹಾಕಬಹುದು, ಫಿಸಿಕ್ಸ್ 'ನನ್' ಕೊಡಬಹುದು, ಬೇಡದ ಸ್ಕ್ರಿಪ್ಟ್ ತೆಗೆಯಬಹುದು. ನೋ ಮಾಡಿಫೈ ಮನೆ ಎಷ್ಟೇ ಚೆನ್ನಾಗಿದ್ದರೂ ಅದರ ಎಲ್‌ಐ ಕಲ್ಲಲ್ಲಿ ಕೆತ್ತಿದ್ದು. ಕಾಪಿ ಇದ್ದರೆ ಇನ್ನೂ ಒಳ್ಳೆಯದು, ಒಂದನ್ನು ಹಾಳು ಮಾಡಿ ಕಲಿಯಬಹುದು.

ಇಲ್ಲಿ ಸಿಗದೇ ಇರುವುದು ನಮ್ಮ ಕಡೆಯ ಮನೆ. ಕರಾವಳಿಯ ಹೆಂಚಿನ ಮಾಡು, ಮಲೆನಾಡಿನ ತೊಟ್ಟಿ, ಜಗಲಿ ಬೇಕು ಅಂದರೆ ನೀವೇ ಕೈ ಹಾಕಬೇಕಾದೀತು. ಆಗ ಮಿಶ್ರಣ ಒಳ್ಳೆಯದು. ಗೋಡೆ, ಜಗಲಿ, ತೊಟ್ಟಿ ಪ್ರಿಮ್‌ನಲ್ಲಿ. ಕಂಬ ಒಂದನ್ನು ಮೆಶ್ ಮಾಡಿ ಎಂಟು ಸಲ ಇಡಿ. ಹೆಂಚನ್ನು ಒಂದೊಂದಾಗಿ ಮಾಡಲು ಹೋಗಬೇಡಿ, ಇಳಿಜಾರಾದ ಒಂದು ಹಾಳೆಗೆ ಹೆಂಚಿನ ಟೆಕ್ಸ್ಚರ್, ಅಂಚಿಗೆ ಮಾತ್ರ ಒಂದು ಸಾಲು ಉಬ್ಬು. ಪಾತ್ರೆ, ಚಾಪೆ, ಗಿಡಗಳನ್ನು ಕೊಂಡು ತನ್ನಿ.

ದಾರಿ ನಾಲ್ಕು: ಬೇಕಾದಾಗ ಮಾತ್ರ ಹೊರತೆಗೆಯೋದು

ಸೀನ್ ರೆಜರ್ ಅಂದರೆ ಒಂದು ಪೆಟ್ಟಿಗೆ. ಬಟನ್ ಒತ್ತಿದರೆ ಮಲಗುವ ಕೋಣೆ ಬರುತ್ತದೆ, ಇನ್ನೊಂದು ಒತ್ತಿದರೆ ಅದು ಹೋಗಿ ಕಾಫಿ ಅಂಗಡಿ. ಹೊರಗಿರುವುದಕ್ಕಷ್ಟೇ ಎಲ್‌ಐ. ಫೋಟೋ ತೆಗೆಯುವವರಿಗೆ, ಪಾತ್ರ ಕಟ್ಟಿ ಆಡುವವರಿಗೆ ಇದು ಬಹಳ ಅನುಕೂಲ. 351ರಲ್ಲಿ 300ರ ಐದು ಸೆಟ್ ಇಟ್ಟುಕೊಳ್ಳಬಹುದು. ಯಾವಾಗಲೂ ತೆರೆದಿರುವ ಅಂಗಡಿ, ಗ್ಯಾಲರಿಗೆ ಆಗಿಬರಲ್ಲ.

ಇದರ ತಮ್ಮನೊಬ್ಬನಿದ್ದಾನೆ, ಟೆಂಪ್ ರೆಜರ್. ಟೆಂಪೊರರಿ ವಸ್ತು ಸುಮಾರು ಒಂದು ನಿಮಿಷಕ್ಕೆ ತಾನೇ ಅಳಿಸಿಹೋಗುತ್ತದೆ, ಪಾರ್ಸೆಲ್ ಲೆಕ್ಕಕ್ಕೆ ಬರಲ್ಲ. ಹಾಗಾಗಿ ನಿಮಿಷಕ್ಕೊಮ್ಮೆ ಮತ್ತೆ ಮತ್ತೆ ಹೊರತೆಗೆಯುತ್ತಾ ಸುಳ್ಳು ಮನೆ ನಿಲ್ಲಿಸುತ್ತಾರೆ. ಸರ್ವರ್‌ಗೆ ಹಿಂಸೆ, ಅಕ್ಕಪಕ್ಕದವರಿಗೆ ಲ್ಯಾಗ್, ಬಾಡಿಗೆ ಎಸ್ಟೇಟ್‌ಗಳಲ್ಲಿ ಇದನ್ನು ನಿಷೇಧಿಸಿರುವುದೂ ಉಂಟು. ಬೇಡ.

ದಾರಿ ಐದು: ಜಾಗವನ್ನೇ ಹೆಚ್ಚಿಸೋದು

ಇದನ್ನು ಸೋಲು ಅಂತ ಯಾಕೆ ನೋಡುತ್ತಾರೋ ಗೊತ್ತಿಲ್ಲ. ಐವತ್ತು ಎಲ್‌ಐ ಉಳಿಸಲು ಒಂದು ತಿಂಗಳ ಸಂಜೆಗಳನ್ನು ಕೊಡುವವರು, ಅದೇ ಐವತ್ತು ಚಿಕ್ಕ ಪಾರ್ಸೆಲ್‌ನಿಂದ ಬರುತ್ತಿತ್ತಾ ಅಂತ ಲೆಕ್ಕ ಹಾಕಿರುವುದಿಲ್ಲ.

ಮೇನ್‌ಲ್ಯಾಂಡ್‌ನಲ್ಲಿ ಒಂದೇ ರೀಜನ್‌ನೊಳಗೆ ಒಬ್ಬರದೇ ಹೆಸರಿನಲ್ಲಿರುವ ಪಾರ್ಸೆಲ್‌ಗಳ ಎಲ್‌ಐ ಒಟ್ಟು ಲೆಕ್ಕ. ಪಕ್ಕಪಕ್ಕ ಇರಬೇಕಂತಿಲ್ಲ. ರೀಜನ್‌ನ ಇನ್ನೊಂದು ಮೂಲೆಯಲ್ಲಿ ಯಾರಿಗೂ ಬೇಡದ 512 ಚದರ ಮೀಟರ್ ಇಳಿಜಾರು ಸಿಕ್ಕರೆ ಅದನ್ನು ಖಾಲಿ ಬಿಟ್ಟು ಅದರ 175ನ್ನು ಮನೆಯಲ್ಲಿ ಖರ್ಚು ಮಾಡಬಹುದು. ಕೊಳ್ಳುವಾಗಿನ ಬೆಲೆ ಒಂದು ಸಲದ್ದು, ಟಿಯರ್ (ಇಷ್ಟು ಚದರ ಮೀಟರ್ ಇಟ್ಟುಕೊಳ್ಳಲು ಕೊಡುವ ಶುಲ್ಕ) ಮಾತ್ರ ಪ್ರತಿ ತಿಂಗಳೂ ಬರುತ್ತದೆ, ಅದನ್ನು ಮರೆಯಬೇಡಿ. ಜಾಗವನ್ನು ಗುಂಪಿನ ಹೆಸರಿಗೆ ಮಾಡಿದರೆ ಟಿಯರ್‌ನಲ್ಲಿ ನೂರಕ್ಕೆ ಹತ್ತು ಹೆಚ್ಚುವರಿ ಸಿಗುತ್ತದೆ. ಅಂದರೆ 1,024 ಕೊಟ್ಟರೆ 1,126ರಷ್ಟು ಇಟ್ಟುಕೊಳ್ಳಬಹುದು. ಇಬ್ಬರು ಗೆಳೆಯರು ಸೇರಿದರೆ ಇದು ಇನ್ನೂ ಚೆನ್ನ.

ಪ್ರೀಮಿಯಂ ಸದಸ್ಯರಾಗಿದ್ದರೆ ಬೆಲಿಸೇರಿಯಾ ಅನ್ನುವ ಖಂಡದಲ್ಲಿ ಲಿಂಡೆನ್ ಲ್ಯಾಬ್ ಕೊಡುವ ಲಿಂಡೆನ್ ಹೋಮ್ ಕೂಡ ಯೋಚಿಸಿ. 1,024ರ ಜಾಗದಲ್ಲಿ ಮನೆ ಅವರದ್ದು, ಅದು ನಿಮ್ಮ 351ರಲ್ಲಿ ಎಣಿಕೆ ಆಗಲ್ಲ. ಪೂರ್ತಿ 351 ಒಳಗಿನ ಸಾಮಾನಿಗೆ. ಆದರೆ ಅವರು ಕೊಟ್ಟ ಮಾದರಿಗಳಲ್ಲೇ ಆರಿಸಬೇಕು, ನಿಮ್ಮ ಮನೆ ತಂದು ನಿಲ್ಲಿಸಲು ಆಗಲ್ಲ.

ಹಾಗಾದರೆ ನಿಮಗೆ ಯಾವುದು

ಹೊಸಬರು, ದುಡ್ಡು ಹಾಕುವ ಮನಸ್ಸಿಲ್ಲ, ದಿನಾ ಏನಾದರೂ ಬದಲಿಸುತ್ತಿರಬೇಕು ಅನ್ನುವವರು ಪ್ರಿಮ್ ಬಿಟ್ಟು ಎಲ್ಲೂ ಹೋಗಬೇಡಿ. ಬಾಕ್ಸ್‌ಗಳನ್ನು ಲಿಂಕ್ ಮಾಡಿ ಕಾನ್ವೆಕ್ಸ್ ಹಲ್ ಕೊಡಿ, ಅಷ್ಟರಲ್ಲೇ ಬಹಳ ಸಿಗುತ್ತದೆ.

ಒಳಾಂಗಣದ ಹುಚ್ಚಿರುವವರಿಗೆ, ಮನೆ ಹೇಗಿದ್ದರೂ ನಡೆಯುತ್ತದೆ ಅನ್ನುವವರಿಗೆ ಲಿಂಡೆನ್ ಹೋಮ್ ಮತ್ತು ಮಾಡಿಫೈ ಇರುವ ರೆಡಿಮೇಡ್ ಸಾಮಾನು. ಚಿಕ್ಕ ಸಾಮಾನುಗಳನ್ನು ಕೋಣೆವಾರು ಲಿಂಕ್ ಮಾಡಿಕೊಳ್ಳಿ.

ಅಂಗಡಿ ಇಟ್ಟು ಮಾರಬೇಕು ಅನ್ನುವವರಿಗೆ ಸ್ವಂತ ಮೆಶ್ ಕಲಿಯದೆ ದಾರಿಯಿಲ್ಲ. ಕೊಳ್ಳುವವರು ಮೊದಲು ನೋಡುವುದೇ ಎಲ್‌ಐ. ಕಲಿಯುವಾಗ ಹೈ ರೂಪಕ್ಕೆ ಕೊಟ್ಟಷ್ಟೇ ಸಮಯ ಕೆಳಗಿನ ಮೂರಕ್ಕೂ ಕೊಡಿ.

ವಾರಕ್ಕೊಂದು ಫೋಟೋ, ತಿಂಗಳಿಗೊಂದು ಕಾರ್ಯಕ್ರಮ ಮಾಡುವವರಿಗೆ ಸೀನ್ ರೆಜರ್.

ಮನೆ ಮುಗಿದಿದೆ, ಚೆನ್ನಾಗಿದೆ, ತೋಟಕ್ಕೆ ಮಾತ್ರ ಇನ್ನೊಂದು ನೂರು ಎಲ್‌ಐ ಬೇಕು ಅನ್ನುವವರು ಅದನ್ನು ಬಿಚ್ಚಿ ಮತ್ತೆ ಕಟ್ಟಲು ಹೋಗಬೇಡಿ. ಮ್ಯಾಪ್ ತೆರೆದು ನಿಮ್ಮದೇ ರೀಜನ್‌ನಲ್ಲಿ ಮಾರಾಟಕ್ಕಿರುವ ಚೂರು ಜಾಗ ಇದೆಯಾ ನೋಡಿ. ಕೈಬಿಟ್ಟ ಜಾಗ ಕಂಡರೆ ಲಿಂಡೆನ್ ಲ್ಯಾಬ್‌ಗೆ ಟಿಕೆಟ್ ಹಾಕಿ ಕೇಳಬಹುದು. ಕೇಳುವ ಮೊದಲು ಈಗಿರುವ ನಿಮ್ಮ ಟಿಯರ್‌ನಲ್ಲಿ ಎಷ್ಟು ಚದರ ಮೀಟರ್ ಬಾಕಿ ಇದೆ ಅಂತ ಖಾತೆಯ ಪುಟದಲ್ಲಿ ನೋಡಿಕೊಳ್ಳಿ. 512 ಬಾಕಿ ಇದ್ದರೆ ತಿಂಗಳ ಖರ್ಚು ಒಂದು ಪೈಸೆಯೂ ಏರಲ್ಲ.